ರೊಟ್ಟಿ ಮೊದಲು, ಸಾಲ್ಮನ್ ಕೊನೆಗೆ

ಆರ್ಡರ್ ಬಂದ ಕೂಡಲೇ ಸಾಲ್ಮನ್ ಮೀನನ್ನು ಓವನ್‌ಗೆ ಇಡಬೇಡಿ. ನಮ್ಮ ಕಿಚನ್‌ಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದೇ. ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಹೋಟೆಲ್‌ನಲ್ಲಿ ನನ್ನ ಅಡುಗೆ ಕೆಲಸ. ಟೇಬಲ್‌ಗೆ ಸೂಪ್ ಹೋಗಬೇಕು, ರೊಟ್ಟಿಯೋ ಅನ್ನವೋ ರೆಡಿ ಆಗಬೇಕು, ಪಲ್ಯ ಬಿಸಿಯಾಗಿರಬೇಕು, ಆಮೇಲೆ ಮೀನು ಒಳಗೆ. ಮಟನ್ ಸಾರು ಒಲೆ ಮೇಲೆ ಅರ್ಧ ಗಂಟೆ ಜಾಸ್ತಿ ಕೂತರೆ ರುಚಿ ಹೆಚ್ಚುತ್ತದೆ. ಸಾಲ್ಮನ್ ಓವನ್‌ನಲ್ಲಿ ಐದು ನಿಮಿಷ ಜಾಸ್ತಿ ಕೂತರೆ ಒಣಗಿ ಹೋಗುತ್ತದೆ.

ಯಾಕೆ ಹೀಗೆ ಅಂದರೆ, ಮೀನು ನೀರಲ್ಲಿ ತೇಲಿಕೊಂಡು ಬದುಕುವ ಪ್ರಾಣಿ. ಕುರಿಯ ಹಾಗೆ ಮೈಭಾರ ಹೊತ್ತು ನಡೆಯಬೇಕಾಗಿಲ್ಲ. ಹಾಗಾಗಿ ಮಾಂಸವನ್ನು ಹಿಡಿದಿಡುವ ನಾರು ಅದರಲ್ಲಿ ಕಡಿಮೆ, ಇರುವಷ್ಟೂ ಸ್ವಲ್ಪ ಬಿಸಿಗೇ ಕರಗುತ್ತದೆ. ಮಟನ್‌ಗೆ ಗಂಟೆಗಟ್ಟಲೆ ಬೇಯುವುದು ಬೇಕು, ಇದಕ್ಕೆ ಬೇಡವೇ ಬೇಡ. ಬಿಸಿ ಜಾಸ್ತಿ ಆದಂತೆ ಮಾಂಸ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಮೀನಿನ ಮೇಲೆ ಬಿಳಿಯ ಗಟ್ಟಿ ನೊರೆಯಂಥದ್ದು ಉಕ್ಕಿ ಬರುತ್ತದಲ್ಲ, ಅದನ್ನು ತುಂಬಾ ಜನ ಕೊಬ್ಬು ಅಂದುಕೊಳ್ಳುತ್ತಾರೆ. ಅದು ಪ್ರೋಟೀನ್. ಸ್ವಲ್ಪ ಬಂದರೆ ಚಿಂತೆ ಇಲ್ಲ. ತುಂಬಾ ಬಂತು ಅಂದರೆ ಬಿಸಿ ಜಾಸ್ತಿ ಆಯಿತು ಅಂತ ಅರ್ಥ. ಓವನ್‌ಗೆ ಇಡುವ ಕಾಲು ಗಂಟೆ ಮೊದಲೇ ಉಪ್ಪು ಸವರಿ, ಆಮೇಲೆ ಬಟ್ಟೆಯಿಂದ ಒತ್ತಿ ನೀರು ತೆಗೆದರೆ ಇದು ಕಡಿಮೆಯಾಗುತ್ತದೆ.

ಹುಡುಗರು ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ, "ಅಣ್ಣಾ, ಎಷ್ಟು ನಿಮಿಷ ಇಡಬೇಕ್ರಿ?" ನಾನು ಹೇಳುವುದು, ತೂಕ ನೋಡಬೇಡ, ದಪ್ಪ ನೋಡು. ಎರಡು ತುಂಡಿನ ತೂಕ ಒಂದೇ ಇದ್ದರೂ ಬಾಲದ ಕಡೆಯದು ತೆಳ್ಳಗಿರುತ್ತದೆ, ನಡುವಿನದು ದಪ್ಪ ಇರುತ್ತದೆ. ಒಂದೇ ಟ್ರೇಯಲ್ಲಿ ಇಟ್ಟು ಒಂದೇ ಸಲ ತೆಗೆದರೆ ಒಂದು ಸರಿ ಇರುತ್ತದೆ, ಇನ್ನೊಂದು ಕೆಟ್ಟಿರುತ್ತದೆ. 200 ಡಿಗ್ರಿಗೆ ಚೆನ್ನಾಗಿ ಕಾದ ಓವನ್‌ನಲ್ಲಿ ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡಿಗೆ ಸುಮಾರು 12 ನಿಮಿಷ ಹಿಡಿಯುತ್ತದೆ, ಆದರೆ ಹತ್ತಕ್ಕೇ ಬಾಗಿಲು ತೆಗೆದು ನೋಡಬೇಕು. ಬಾಲದ ತುಂಡಿದ್ದರೆ ಇನ್ನೂ ಮೊದಲೇ. ಚರ್ಮದ ಕಡೆ ಕೆಳಗಿರಲಿ, ಅದು ಟ್ರೇಯ ಬಿಸಿ ನೇರವಾಗಿ ಮಾಂಸಕ್ಕೆ ತಾಕದಂತೆ ತಡೆಯುತ್ತದೆ.

ಮನೆಯಲ್ಲಿ ಓಟಿಜಿ, ಅಂದರೆ ಕಟ್ಟೆ ಮೇಲಿಡುವ ಸಣ್ಣ ಕರೆಂಟ್ ಓವನ್ ಇರುವವರು ಅದರ ಡಯಲ್ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಡಯಲ್ 200 ತೋರಿಸುತ್ತಿದ್ದರೂ ಒಳಗೆ ಹೆಚ್ಚು ಕಡಿಮೆ ಇರುತ್ತದೆ. ಮಾಂಸಕ್ಕೆ ಚುಚ್ಚಿ ನೋಡುವ ಸಣ್ಣ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ. ನಮ್ಮ ಕಿಚನ್‌ನಲ್ಲಿ ಬೆಂದಿದೆಯೋ ಇಲ್ಲವೋ ಅನ್ನುವ ವಾದ ಅದು ಬಂದ ಮೇಲೆ ನಿಂತೇ ಹೋಯಿತು. ತುಂಬಾ ದಪ್ಪ ಇರುವ ಜಾಗದ ನಡುವಿಗೆ ಚುಚ್ಚಿ, 50ರಿಂದ 52 ಡಿಗ್ರಿ ಬಂದರೆ ತೆಗೆದುಬಿಡಿ. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿ ಸುಮ್ನೆ ಕೂರುವುದಿಲ್ಲ, ಎರಡು ಮೂರು ನಿಮಿಷದಲ್ಲಿ ಇನ್ನೂ ಕೆಲವು ಡಿಗ್ರಿ ಏರುತ್ತದೆ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ತಿನ್ನುವ ತುಂಡನ್ನು ಮಾತ್ರ 63 ಡಿಗ್ರಿವರೆಗೆ ಬೇಯಿಸಿ. ಅಮೆರಿಕದ ಆಹಾರ ಸುರಕ್ಷತೆಯವರು ಮೀನಿಗೆ ಹೇಳುವ ಅಂಕಿ ಅದೇ. ಸ್ವಲ್ಪ ಒಣಗುತ್ತದೆ, ಆದರೂ ಅಲ್ಲಿ ರುಚಿಗಿಂತ ಆರೋಗ್ಯ ದೊಡ್ಡದು ಅಲ್ವಾ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಮೀನು ಅಂದರೆ ರವೆ ಹಚ್ಚಿ ಗರಿಗರಿ ಕರಿದದ್ದು, ಇಲ್ಲವೇ ಸಾರಲ್ಲಿ ಪೂರ್ತಿ ಬೆಂದದ್ದು. ಸಾಲ್ಮನ್ ನಡುವೆ ಸ್ವಲ್ಪ ಹೊಳಪು ಉಳಿದು, ಗುಲಾಬಿ ಬಣ್ಣದಲ್ಲಿ ಬಂದರೆ ವೇಟರ್ ವಾಪಸ್ ತರುತ್ತಾನೆ, "ಅಣ್ಣಾ, ಒಳಗ ಹಸಿ ಐತಿ ಅಂತಾರ್ರಿ." ಗಿರಾಕಿಯದು ಅದರಲ್ಲಿ ಏನೂ ತಪ್ಪಿಲ್ಲ, ಅವರು ತಿಂದು ಬೆಳೆದ ಮೀನು ಬೇರೆ. ಅದಕ್ಕೇ ಈಗ ಆರ್ಡರ್ ಬರೆದುಕೊಳ್ಳುವಾಗಲೇ ವೇಟರ್ ಕೇಳಬೇಕು, ನಡುವೆ ಮೆತ್ತಗಿರಲಾ, ಪೂರ್ತಿ ಬೇಯಿಸಲಾ ಅಂತ. ಈ ಒಂದು ಪ್ರಶ್ನೆಯಿಂದ ವಾಪಸ್ ಬರುವ ತಟ್ಟೆ ತುಂಬಾ ಕಡಿಮೆಯಾಯಿತು. ದುಬಾರಿ ಮೀನು ಕಸದ ಬುಟ್ಟಿಗೆ ಹೋಗುವುದನ್ನು ನೋಡುವುದು ನನಗೆ ಸಂಕಟ.

ದುಬಾರಿ ಯಾಕೆಂದರೆ ಇದು ನಮ್ಮ ಸಮುದ್ರದ್ದಲ್ಲ. ಹೋಟೆಲ್‌ಗಳಿಗೆ ಬರುವುದು ಹೆಚ್ಚಾಗಿ ನಾರ್ವೆಯಂಥ ದೇಶಗಳಲ್ಲಿ ಸಾಕಿದ್ದು. ಫ್ರೋಜನ್ ತಂದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಶೆಲ್ಫ್‌ಗೆ ಇಳಿಸಿ. ಏಪ್ರಿಲ್ ಬಿಸಿಲಲ್ಲಿ ಕಟ್ಟೆ ಮೇಲೆ ಇಡಲೇಬೇಡಿ. ಗಾಳಿ ತೆಗೆದು ಪ್ಯಾಕ್ ಮಾಡಿದ್ದಾದರೆ ಕರಗಲು ಇಡುವ ಮೊದಲೇ ಕವರ್ ಕತ್ತರಿಸಿ, ಯಾಕೆಂದರೆ ಬೊಟುಲಿಸಮ್ ಅನ್ನುವ ಜೀವಕ್ಕೇ ಅಪಾಯದ ಆಹಾರ ವಿಷ ತರುವ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆಯೇ ಬೆಳೆಯುವುದು.

ಮೀನಂಗಡಿಯಲ್ಲಿ 'ಇಂಡಿಯನ್ ಸಾಲ್ಮನ್' ಅಂತ ಕೊಡುವುದು ರಾವಸ್. ಅದು ಸಾಲ್ಮನ್ ಜಾತಿಯೇ ಅಲ್ಲ, ಮಾಂಸ ಬಿಳಿ, ಕೊಬ್ಬೂ ಕಡಿಮೆ. ಆದರೆ ಯಲ್ಲಾಪುರ ಘಟ್ಟ ಹತ್ತಿ ಕಾರವಾರ, ಅಂಕೋಲಾ ಕಡೆಯಿಂದ ತಾಜಾ ಬಂದ ರಾವಸ್ ಸಿಕ್ಕರೆ ನಾನು ಮನೆಗೆ ಅದನ್ನೇ ಒಯ್ಯುತ್ತೇನೆ. ಓವನ್‌ನಲ್ಲಿ ಮಾಡುವ ರೀತಿ ಒಂದೇ, ಎಣ್ಣೆ ಮಾತ್ರ ಸ್ವಲ್ಪ ಜಾಸ್ತಿ ಸವರಬೇಕು, ಬೇಗ ಒಣಗುತ್ತದೆ.

ಮಸಾಲೆ ಕೇಳಿದರೆ ನನ್ನ ಉತ್ತರ ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಇದು ಈ ಊರ ಕಡೆಯದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಸಾಲ್ಮನ್‌ನ ರುಚಿಯನ್ನು ಮುಚ್ಚುವುದಿಲ್ಲ. ಪುಡಿಯನ್ನು ಒಣದಾಗಿ ಉದುರಿಸಿದರೆ ಓವನ್‌ನಲ್ಲಿ ಕರಕಲಾಗಿ ಕಹಿ ಬರುತ್ತದೆ. ಶೇಂಗಾ ಎಣ್ಣೆಯಲ್ಲಿ ಕಲಸಿ, ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಸವರಿ. ಮೆಣಸಿನಕಾಯಿಯ ಕೆಂಪು ಬಣ್ಣ ಎಣ್ಣೆಯಲ್ಲೇ ಬಿಟ್ಟುಕೊಳ್ಳುತ್ತದೆ. ನಿಂಬೆಹಣ್ಣು ಮಾತ್ರ ಕೊನೆಗೆ. ಮೊದಲೇ ಹಿಂಡಿ ಗಂಟೆಗಟ್ಟಲೆ ಇಟ್ಟರೆ ಹುಳಿಗೆ ಮಾಂಸ ಬಿಳಿಚಿಕೊಂಡು ಸುಣ್ಣದಂತೆ ಪುಡಿಯಾಗುತ್ತದೆ.

ಕೆಲಸ ಮುಗಿಸಿ ಸುಸ್ತಾಗಿ ಬಂದ ರಾತ್ರಿಗೆ ಇದಕ್ಕಿಂತ ಸುಲಭದ ಊಟ ನನಗೆ ಗೊತ್ತಿಲ್ಲ. ಬಂದ ಕೂಡಲೇ ಓವನ್ ಹಚ್ಚಿ, ಮೀನಿಗೆ ಉಪ್ಪು ಸವರಿ ಇಡಿ. ಓವನ್ ಕಾಯುವಷ್ಟರಲ್ಲಿ ರೊಟ್ಟಿ ಬಡಿಯಿರಿ, ಇಲ್ಲವೇ ಅನ್ನಕ್ಕೆ ಇಡಿ, ಸೌತೆಕಾಯಿ, ಈರುಳ್ಳಿ ಹೆಚ್ಚಿ. ಮಸಾಲೆ ಸವರುವುದಕ್ಕೆ ಎರಡು ನಿಮಿಷ ಸಾಕು. ಮನೆಮಂದಿಯನ್ನು ಊಟಕ್ಕೆ ಕರೆದು, ಮೊಬೈಲ್ ಬಿಟ್ಟು ಎದ್ದು ಬರುವುದು ಕಂಡ ಮೇಲೆಯೇ ಮೀನು ಒಳಗೆ ಇಡಿ. ಅವರು ಕೈ ತೊಳೆದು ಮೊದಲ ರೊಟ್ಟಿ ಮುರಿಯುವ ಹೊತ್ತಿಗೆ ಟ್ರೇ ಹೊರಗೆ ಬಂದಿರುತ್ತದೆ.

ಉಳಿದರೆ ಫ್ರಿಜ್‌ನಲ್ಲಿಡಿ, ಮರುದಿನ ಬಿಸಿ ಮಾಡಬೇಡಿ, ಮತ್ತೆ ಒಣಗುತ್ತದೆ. ತಣ್ಣಗಿರುವಾಗಲೇ ಬಿಡಿಸಿ, ಈರುಳ್ಳಿ, ಕೊತ್ತಂಬರಿ, ನಿಂಬೆರಸ ಕಲಸಿ ಖಡಕ್ ರೊಟ್ಟಿ ಮೇಲೆ ಹಾಕಿಕೊಂಡು ತಿನ್ನಿ.