ರಷ್ಯನ್ನರು ಕಡಿಮೆ ಹೇಳಿದಾಗ

ರಷ್ಯನ್ ಸಾಹಿತ್ಯ ಅಂದ ಕೂಡಲೇ ತುಂಬಾ ಜನಕ್ಕೆ ನೆನಪಾಗುವುದು ಕೂಗಾಟ. ದಾಸ್ತೊಯೆವ್‌ಸ್ಕಿಯ ಪಾತ್ರಗಳು ಒಂದೇ ಕೋಣೆಯಲ್ಲಿ ಸೇರಿಕೊಂಡು ಅಳುತ್ತವೆ, ಕಾಲಿಗೆ ಬೀಳುತ್ತವೆ, ನೋಟಿನ ಕಟ್ಟನ್ನೇ ಬೆಂಕಿಗೆ ಎಸೆಯುತ್ತವೆ. ಅದೆಲ್ಲ ನಿಜ, ನನಗೂ ಇಷ್ಟ. ಆದರೆ ಇಷ್ಟು ವರ್ಷ ಓದಿದ ಮೇಲೆ ನನ್ನೊಳಗೆ ಉಳಿದಿರುವ ಜಾಗಗಳು ಬೇರೆ. ದೊಡ್ಡ ವಿಷಯವನ್ನು ಸಣ್ಣ ದನಿಯಲ್ಲಿ, ಬೇಕಾದ್ದಕ್ಕಿಂತ ಕಡಿಮೆ ಹೇಳಿ, ಅಲ್ಲಿಗೇ ಬಿಟ್ಟುಬಿಟ್ಟ ಜಾಗಗಳವು.

ಹೀಗೆ ಹೇಳುವುದನ್ನು ರಷ್ಯನ್ನರು ಲಿಟೋಟ ಅನ್ನುತ್ತಾರೆ. ಪದ ಗ್ರೀಕ್‌ನಿಂದ ಬಂದದ್ದು. ಅವರ ಶಾಲೆಯ ಪುಸ್ತಕಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಈ ಒಂದೇ ಹೆಸರಿನ ಕೆಳಗೆ ಬರುತ್ತವೆ. ಒಂದು, ಹೇಳಬೇಕಾದ್ದನ್ನು ನೇರವಾಗಿ ಹೇಳದೆ ಅದರ ವಿರುದ್ಧವನ್ನು ಅಲ್ಲಗಳೆಯುವುದು. ಒಳ್ಳೆಯದು ಅನ್ನುವ ಬದಲು ಕೆಟ್ಟದ್ದಲ್ಲ ಅಂದ ಹಾಗೆ. ಇನ್ನೊಂದು, ಉತ್ಪ್ರೇಕ್ಷೆಯನ್ನು ತಿರುಗಿಸಿ ಹಿಡಿಯುವುದು, ಅಂದರೆ ಇದ್ದದ್ದನ್ನು ಕುಗ್ಗಿಸಿ ಕುಗ್ಗಿಸಿ ಹೇಳುವುದು.

ದಿನದ ಮಾತಿನಲ್ಲೂ ಇದು ಹಾಸುಹೊಕ್ಕು. ಹೇಗಿದ್ದೀರಿ ಅಂತ ಕೇಳಿದರೆ ‘ನಿಚೆವೋ’ ಅನ್ನುತ್ತಾರೆ. ಪರವಾಗಿಲ್ಲ, ನಡೀತಿದೆ ಅನ್ನುವಲ್ಲಿಂದ ಹಿಡಿದು ನಿಜವಾಗಿಯೂ ಚೆನ್ನಾಗಿದ್ದೇನೆ ಅನ್ನುವವರೆಗೆ ಎಲ್ಲಕ್ಕೂ ಆ ಒಂದು ಮಾತು ಸಾಕು, ಎಷ್ಟು ಚೆನ್ನಾಗಿ ಅನ್ನುವುದನ್ನು ದನಿಯಿಂದ ನಾವೇ ತಿಳಿದುಕೊಳ್ಳಬೇಕು. ಕೆಟ್ಟದ್ದಲ್ಲ ಅಂದರೆ ಮೆಚ್ಚುಗೆ. ಅಷ್ಟೇನೂ ಅಲ್ಲ ಅಂದರೆ ಬಹಳ ಸಲ ಪರಿಸ್ಥಿತಿ ಕೆಟ್ಟಿದೆ ಅಂತಲೇ ಅರ್ಥ.

ಆದರೆ ಕಡಿಮೆ ಹೇಳುವುದು ವಿನಯ ಅಂತ ಸುಮ್ನೆ ಒಪ್ಪಿಕೊಳ್ಳಬಾರದು. ಯಾರು ಹೇಳುತ್ತಿದ್ದಾರೆ, ಹೇಳದೆ ಏನನ್ನು ಉಳಿಸಿಕೊಂಡಿದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಗ್ರಿಬೊಯೆದೊವ್ 1824ರಲ್ಲಿ ಬರೆದು ಮುಗಿಸಿದ ನಾಟಕದಲ್ಲಿ ಮೊಲ್ಚಾಲಿನ್ ಅನ್ನುವ ಕಾರ್ಯದರ್ಶಿ ಇದ್ದಾನೆ. ಶ್ರೀಮಂತ ಮುದುಕಿಯೊಬ್ಬಳ ಮುಂದೆ ಅವಳ ನಾಯಿಯನ್ನು ಹೊಗಳುತ್ತಾನೆ: ಎಂಥ ಮುದ್ದು ಸ್ಪಿಟ್ಸ್, ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿಗಿಂತ ದೊಡ್ಡದಿಲ್ಲ! ರಷ್ಯನ್ ಪಠ್ಯಗಳಲ್ಲಿ ಲಿಟೋಟಕ್ಕೆ ಇದೇ ಮಾಮೂಲಿ ಉದಾಹರಣೆ. ನಾಯಿ ಕುಗ್ಗಿದಷ್ಟೂ ಮೊಲ್ಚಾಲಿನ್‌ನ ಬೆನ್ನು ಬಾಗುತ್ತದೆ.

ಅದರ ಪಕ್ಕದಲ್ಲೇ ಮಕ್ಕಳಿಗೆ ಕಲಿಸುವ ಇನ್ನೊಂದು ಉದಾಹರಣೆ ನೆಕ್ರಾಸೊವ್ 1861ರಲ್ಲಿ, ಜೀತ ಪದ್ಧತಿ ಕಾನೂನಿನಲ್ಲಿ ರದ್ದಾದ ವರ್ಷ, ರೈತರ ಮಕ್ಕಳ ಬಗ್ಗೆ ಬರೆದ ಕವಿತೆಯದು. ಕೊರೆಯುವ ಚಳಿ. ಕಾಡಿನಿಂದ ಸೌದೆ ಗಾಡಿ ಬರುತ್ತಿದೆ. ಕುದುರೆಯ ಲಗಾಮು ಹಿಡಿದವನು ದೊಡ್ಡ ಬೂಟು, ದೊಡ್ಡ ಕೈಗವಸು ಹಾಕಿದ್ದಾನೆ, ಆದರೆ ಅವನು ಮಾತ್ರ ಉಗುರಿನಷ್ಟು. ಆರು ವರ್ಷದ ಹುಡುಗ. ಕವಿ ಮಾತಾಡಿಸುತ್ತಾನೆ. ಸಂಸಾರ ದೊಡ್ಡದು, ಆದರೆ ಗಂಡಸರು ಅಂತ ಇರುವುದು ಇಬ್ಬರೇ, ಅಪ್ಪ ಮತ್ತು ನಾನು ಅನ್ನುತ್ತಾನೆ ಹುಡುಗ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಉಗುರಿನಷ್ಟು ಅನ್ನುವ ಅಲಂಕಾರಕ್ಕಿಂತ ಆ ಉತ್ತರವೇ ನನಗೆ ದೊಡ್ಡ ಲಿಟೋಟ ಅನ್ನಿಸುತ್ತದೆ, ಯಾವ ಪಠ್ಯಪುಸ್ತಕ ಏನೇ ಹೇಳಲಿ.

ಗೊಗೊಲ್‌ನದು ಇನ್ನೊಂದು ದಾರಿ. 1842ರ ‘ಸತ್ತ ಆತ್ಮಗಳು’ ಕಾದಂಬರಿಯ ಶುರುವಿನಲ್ಲೇ ಚಿಚಿಕೊವ್ ಗಾಡಿಯಲ್ಲಿ ಬಂದಿಳಿಯುತ್ತಾನೆ. ಚಂದದವನಲ್ಲ, ನೋಡಲು ಕೆಟ್ಟವನೂ ಅಲ್ಲ. ತೀರ ದಪ್ಪವಲ್ಲ, ತೀರ ತೆಳ್ಳಗೂ ಅಲ್ಲ. ವಯಸ್ಸಾದವನು ಅನ್ನಲಾಗದು, ಹಾಗಂತ ತೀರ ಎಳೆಯನೂ ಅಲ್ಲ. ಇಷ್ಟು ಓದಿದ ಮೇಲೆ ಮನುಷ್ಯನ ಮುಖ ಕಣ್ಣಿಗೆ ಕಟ್ಟುತ್ತದಾ? ಇಲ್ಲ. ಅದೇ ಬೇಕಿತ್ತು ಗೊಗೊಲ್‌ಗೆ. ಸತ್ತ ಜೀತದಾಳುಗಳ ಹೆಸರುಗಳನ್ನು ಕೊಂಡುಕೊಳ್ಳಲು ಹೊರಟವನನ್ನು ಅಲ್ಲ, ಅಲ್ಲ ಅನ್ನುತ್ತಲೇ ಕಟ್ಟಿ ನಿಲ್ಲಿಸುತ್ತಾನೆ.

ಈಗ ಪುಷ್ಕಿನ್. 1829ರ ಎಂಟು ಸಾಲಿನ ಕವಿತೆ, ನಾನು ನಿಮ್ಮನ್ನು ಪ್ರೀತಿಸಿದ್ದೆ ಅಂತ ಶುರುವಾಗುತ್ತದೆ. ಮುಂದೆ ಅವನು ಹೇಳುವುದು ಹೆಚ್ಚುಕಡಿಮೆ ಇಷ್ಟು: ಆ ಪ್ರೀತಿ ನನ್ನೊಳಗೆ ಇನ್ನೂ, ಬಹುಶಃ, ಪೂರ್ತಿಯಾಗಿ ಆರಿಲ್ಲ; ಆದರೆ ಅದು ನಿಮ್ಮನ್ನು ಇನ್ನು ಕಾಡದಿರಲಿ. ಈಗಲೂ ಪ್ರೀತಿಸುತ್ತಿದ್ದೇನೆ ಅಂತ ಎಲ್ಲೂ ಹೇಳುವುದಿಲ್ಲ. ಬಹುಶಃ ಅನ್ನುವುದು ಒಂದು ತಡೆ, ಪೂರ್ತಿಯಾಗಿ ಅನ್ನುವುದು ಇನ್ನೊಂದು ತಡೆ, ಆರಿಲ್ಲ ಅನ್ನುವಲ್ಲಿನ ‘ಇಲ್ಲ’ ಮೂರನೆಯದು. ಮೂರು ತಡೆ ಹಾಕಿದರೂ ಆ ಪ್ರೀತಿಯ ಕಾವು ಓದುವವರಿಗೆ ತಾಕುತ್ತದೆ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಈ ಕವಿತೆಯನ್ನು ರೂಪಕಗಳೇ ಇಲ್ಲದ ಕಾವ್ಯಕ್ಕೆ ಉದಾಹರಣೆಯಾಗಿ ಎತ್ತಿಕೊಂಡರು. ಇಡೀ ಕವಿತೆಯಲ್ಲಿ ಇರುವುದು ಸವೆದುಹೋದ ಒಂದೇ ರೂಪಕ, ಪ್ರೀತಿ ಆರುವುದು. ಆ ಒಂದನ್ನೂ ಪುಷ್ಕಿನ್ ಪೂರ್ತಿ ಆಗಗೊಡುವುದಿಲ್ಲ ನೋಡಿ! ಕೊನೆಯಲ್ಲಿ, ನಾನು ಪ್ರೀತಿಸಿದಷ್ಟೇ ನಿಜವಾಗಿ, ಅಷ್ಟೇ ಮೃದುವಾಗಿ ಇನ್ನೊಬ್ಬರು ನಿಮ್ಮನ್ನು ಪ್ರೀತಿಸುವಂತೆ ದೇವರು ಮಾಡಲಿ ಅಂತ ಹಾರೈಸುತ್ತಾನೆ. ಪೂರ್ತಿ ಆರಿದ ಪ್ರೀತಿಯಿಂದ ಇಂಥ ಹಾರೈಕೆ ಬರುವುದಿಲ್ಲ.

ರಷ್ಯನ್ನರು ಹೀಗೆ ತಗ್ಗಿಸಿ ಮಾತಾಡುವುದಕ್ಕೆ ಸೆನ್ಸಾರ್ ಕಾರಣ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಸ್ವಲ್ಪ ಮಟ್ಟಿಗೆ ಹೌದು. ವಿಡಂಬನೆ ಬರೆಯುತ್ತಿದ್ದ ಸಾಲ್ತಿಕೊವ್-ಶೆದ್ರಿನ್ ಅಂಥ ಮರೆಮಾತನ್ನು ಈಸೋಪನ ಭಾಷೆ ಅಂತಲೇ ಕರೆದರು. ಆದರೆ ಅದು ಬೇರೆ ವಿಷಯ, ಅಲ್ಲಿರುವುದು ಅಧಿಕಾರಿಯ ಕಣ್ಣಿಗೆ ಬೀಳದಂತೆ ಬಚ್ಚಿಡುವ ಕೆಲಸ. ಮೇಲಿನ ಪ್ರೇಮ ಕವಿತೆಯಲ್ಲಿ ಯಾವ ಅಧಿಕಾರಿಗೂ ಕೆಲಸವಿರಲಿಲ್ಲ, ಅಲ್ವಾ?

ಚೆಕೊವ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಅವನ ಪತ್ರಗಳನ್ನೇ ನೋಡಬೇಕು. 1892ರಲ್ಲಿ ಲೇಖಕಿ ಲಿದಿಯಾ ಅವಿಲೊವಾಗೆ ಬರೆಯುತ್ತಾನೆ: ನತದೃಷ್ಟರ ಬಗ್ಗೆ ಬರೆದು ಓದುಗರ ಮನ ಕರಗಿಸಬೇಕೆಂದಿದ್ದರೆ ನೀವು ಇನ್ನಷ್ಟು ತಣ್ಣಗಿರಿ. 1899ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್‌ನವರು ‘ವಾನ್ಯ ಮಾವ’ ನಾಟಕದ ತಾಲೀಮು ನಡೆಸುತ್ತಿದ್ದರು. ಎಲೆನಾ ಪಾತ್ರ ಮಾಡುತ್ತಿದ್ದ ಓಲ್ಗಾ ಕ್ನಿಪ್ಪರ್, ಕೊನೆಯ ಅಂಕದಲ್ಲಿ ಡಾಕ್ಟರ್ ಆಸ್ತ್ರೊವ್ ಎಲೆನಾಳ ಜೊತೆ ಹುಚ್ಚು ಪ್ರೇಮಿಯ ಹಾಗೆ ವರ್ತಿಸುತ್ತಾನೆ ಅಂತ ಬರೆದಳು. ಚೆಕೊವ್ ಯಾಲ್ತಾದಿಂದ ಉತ್ತರ ಕೊಟ್ಟ: ತಪ್ಪು, ಪೂರ್ತಿ ತಪ್ಪು! ಅಷ್ಟು ಹೊತ್ತಿಗೆ ಇದರಿಂದ ಏನೂ ಆಗುವುದಿಲ್ಲ ಅಂತ ಆಸ್ತ್ರೊವ್‌ಗೆ ಗೊತ್ತಾಗಿದೆ, ಹಾಗಾಗಿ ಆಫ್ರಿಕಾದ ಸೆಕೆಯ ಬಗ್ಗೆ ಮಾತಾಡುವ ದನಿಯಲ್ಲೇ ಅವಳ ಹತ್ತಿರವೂ ಮಾತಾಡುತ್ತಾನೆ.

ಆಫ್ರಿಕಾದ ಸೆಕೆ ಎಲ್ಲಿಂದ ಬಂತು ಅಂದರೆ, ವಾನ್ಯನ ಕೋಣೆಯ ಗೋಡೆಯ ಮೇಲೆ ಯಾರಿಗೂ ಬೇಡದ ಆಫ್ರಿಕಾದ ಭೂಪಟವೊಂದು ತೂಗುತ್ತಿರುತ್ತದೆ. ಎಲ್ಲ ಮುಗಿದಿದೆ. ಎಲೆನಾ ಮತ್ತು ಅವಳ ಗಂಡ ಪ್ರೊಫೆಸರ್ ಹೊರಟುಹೋಗಿದ್ದಾರೆ. ಆಸ್ತ್ರೊವ್ ಕೂಡ ಹೊರಡಬೇಕು, ಆದರೆ ಕಾಲು ಏಳುತ್ತಿಲ್ಲ. ಭೂಪಟದ ಮುಂದೆ ನಿಂತು, ಈ ಆಫ್ರಿಕಾದಲ್ಲಿ ಈಗ ಸೆಕೆ ಅಂದರೆ ಭಯಂಕರ ಇರಬೇಕು ಅನ್ನುತ್ತಾನೆ. ವಾನ್ಯ, ಹೌದು, ಇರಬಹುದು ಅನ್ನುತ್ತಾನೆ. ಇಬ್ಬರ ಬದುಕೂ ಕೈಜಾರಿದೆ, ಅದರ ಬಗ್ಗೆ ಇಬ್ಬರೂ ಒಂದಕ್ಷರ ಆಡುವುದಿಲ್ಲ. ಈ ಮಾತನ್ನು ನಟನೊಬ್ಬ ಗದ್ಗದ ದನಿಯಲ್ಲಿ ಹೇಳಿದರೆ ಇಡೀ ದೃಶ್ಯ ಕೆಡುತ್ತದೆ.

ಸೋಲ್ಜೆನಿತ್ಸಿನ್‌ಗೆ ಬಂದರೆ ನನಗೆ ಈ ಅಲಂಕಾರದ ಅಂಚು ಎಲ್ಲಿ ಅನ್ನುವ ಪ್ರಶ್ನೆ ಏಳುತ್ತದೆ. ‘ಇವಾನ್ ದೆನಿಸೊವಿಚ್‌ನ ಒಂದು ದಿನ’ 1962ರ ನವೆಂಬರ್‌ನಲ್ಲಿ ‘ನೋವಿ ಮಿರ್’ ಪತ್ರಿಕೆಯಲ್ಲಿ ಬಂತು. ಜರ್ಮನ್ನರ ಸೆರೆಯಿಂದ ತಪ್ಪಿಸಿಕೊಂಡು ತನ್ನ ಸೈನ್ಯಕ್ಕೇ ವಾಪಸ್ ಬಂದ ಇವಾನ್ ದೆನಿಸೊವಿಚ್ ಶುಖೊವ್‌ಗೆ ದೇಶದ್ರೋಹದ ಆರೋಪ, ಸೋವಿಯತ್ ಕೈದಿಗಳ ಕ್ಯಾಂಪ್‌ನಲ್ಲಿ 10 ವರ್ಷ ಶಿಕ್ಷೆ. ರಾತ್ರಿ ಮಲಗುವಾಗ ಅವನು ದಿನದ ಲಾಭ ಎಣಿಸುತ್ತಾನೆ. ಕತ್ತಲಕೋಣೆಗೆ ಹಾಕಲಿಲ್ಲ, ಊಟಕ್ಕೆ ಗಂಜಿ ಒಂದು ಬಟ್ಟಲು ಜಾಸ್ತಿ ಹೊಡೆದುಕೊಂಡದ್ದಾಯಿತು, ಗೋಡೆ ಖುಷಿಯಿಂದ ಕಟ್ಟಿದ, ತಪಾಸಣೆಯಲ್ಲಿ ಗರಗಸದ ಬ್ಲೇಡ್ ಸಿಕ್ಕಿಬೀಳಲಿಲ್ಲ, ಕಾಯಿಲೆಯೂ ಬೀಳಲಿಲ್ಲ. ಯಾವ ಕರಿನೆರಳೂ ಬೀಳದ ದಿನ, ಬಹುಮಟ್ಟಿಗೆ ಸುಖದ ದಿನ ಅಂತ ಕಥೆ ಹೇಳುತ್ತದೆ. ಭೀಕರ ದಿನವೊಂದನ್ನು ಆರಿಸಿಕೊಂಡಿದ್ದರೆ ಅದು ಅಪರೂಪದ್ದು ಅಂತ ಓದುಗರು ಸಮಾಧಾನ ಮಾಡಿಕೊಳ್ಳಬಹುದಿತ್ತು. ಒಳ್ಳೆಯ ದಿನವೇ ಹೀಗಿದ್ದರೆ?

ದೇಶದ ದೂರದ ಈಶಾನ್ಯ ಮೂಲೆಯಲ್ಲಿರುವ ಕೊಲಿಮಾದ ಕ್ಯಾಂಪ್‌ಗಳಲ್ಲಿ ಕೈದಿಯಾಗಿ ವರ್ಷಗಟ್ಟಲೆ ಇದ್ದು ಬಂದ ವರ್ಲಾಮ್ ಶಲಾಮೊವ್ ಅದೇ ವರ್ಷ ಸೋಲ್ಜೆನಿತ್ಸಿನ್‌ಗೆ ದೊಡ್ಡ ಪತ್ರ ಬರೆದರು. ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ಕಥೆ ಕವಿತೆಯ ಹಾಗಿದೆ ಅಂತ ಮನಸಾರೆ ಮೆಚ್ಚಿದರು. ಆದರೆ ನಿಮ್ಮ ಕ್ಯಾಂಪ್‌ನ ಆಸ್ಪತ್ರೆ ಹತ್ತಿರ ಬೆಕ್ಕೊಂದು ಓಡಾಡುತ್ತದಲ್ಲ, ನಿಜವಾದ ಕ್ಯಾಂಪ್ ಆಗಿದ್ದರೆ ಅದನ್ನು ಯಾವತ್ತೋ ತಿಂದುಬಿಡುತ್ತಿದ್ದರು ಅಂದರು. ಈ ಆಕ್ಷೇಪ ನನಗೆ ಸಣ್ಣದಾಗಿ ಕಾಣುವುದಿಲ್ಲ. ತಗ್ಗಿಸಿ ಹೇಳುವಾಗ, ಎಷ್ಟು ತಗ್ಗಿಸಲಾಗಿದೆ ಅನ್ನುವುದು ಓದುಗರಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಸುಖದ ದಿನ ಅನ್ನುವುದನ್ನು ಅವರು ಇದ್ದ ಹಾಗೇ ನಂಬಿಬಿಡುತ್ತಾರೆ. ಸೋಲ್ಜೆನಿತ್ಸಿನ್ ಅದಕ್ಕೆ ಕೊನೆಯಲ್ಲಿ ಲೆಕ್ಕ ಕೊಡುತ್ತಾರೆ: ಇಂಥ ದಿನಗಳು ಅವನ ಶಿಕ್ಷೆಯಲ್ಲಿ 3,653, ಅಧಿಕ ವರ್ಷಗಳು ಬಂದದ್ದಕ್ಕೆ ಮೂರು ದಿನ ಜಾಸ್ತಿ. ಈ ಒಂದು ಕಥೆಗೆ ಅಷ್ಟು ಲೆಕ್ಕ ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಇದನ್ನು ಓದಿದವರು ಶಲಾಮೊವ್‌ನ ಕೊಲಿಮಾ ಕಥೆಗಳನ್ನೂ ಓದಲೇಬೇಕು. ಅವರೂ ದನಿ ಎತ್ತುವುದಿಲ್ಲ, ಆದರೆ ಅವರ ಕ್ಯಾಂಪ್‌ನಲ್ಲಿ ಖುಷಿಯಿಂದ ಗೋಡೆ ಕಟ್ಟುವವರು ಯಾರೂ ಇಲ್ಲ.