ಹಿಮ್ಮುಖ ಜಿಗಿಯುವ ಸ್ಕ್ರೋಲ್ ಚಕ್ರ: 104 ಕೆಪಾಸಿಟರ್ ಕೈಕೊಟ್ಟಿತು, 223 ಒಲಿಯಿತು

ಚಕ್ರವನ್ನು ಕೆಳಮುಖವಾಗಿ ತಿರುಗಿಸಿದಾಗ ಪುಟವು ಒಂದಿಷ್ಟು ಇಳಿದು ಥಟ್ಟನೆ ಮೇಲಕ್ಕೆ ಜಿಗಿಯುವ ರೋಗವು ಕಾಸರಗೋಡಿನ ಆಟಿ ತಿಂಗಳ ತೇವವನ್ನುಂಡ ಮೌಸ್‌ಗಳಿಗೆ ಹೊಸದೇನಲ್ಲ. ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್ ಪ್ರತಿಗಳನ್ನು ಓದಿ ತಿದ್ದುವ ನನಗೆ ಇದರ ಉಪದ್ರವ ಹೆಚ್ಚು. ಭಾಮಿನಿಯ ಮೂರನೆಯ ಸಾಲಿನಲ್ಲಿದ್ದ ಕಣ್ಣು ಹಿಂದಿನ ಪುಟದ ಕಂದಕ್ಕೆ ಹೋಗಿ ಬೀಳುತ್ತದೆ.

ಮೌಸನ್ನು ಬಿಚ್ಚಿದ್ದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ತೊಳೆದದ್ದು, ಚಕ್ರದ ತಿರುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಹಳೆಯ ಎನ್‌ಕೋಡರನ್ನು ಕಿತ್ತದ್ದು ಎಲ್ಲವೂ ಎಂದಿನ ಕ್ರಮದಲ್ಲೇ ನಡೆದುವು. ಬದಲಿ ಬಿಡಿಭಾಗವನ್ನು ಕಳುಹಿಸಿದ ಅಂಗಡಿಯವರ ವಿಚಾರವನ್ನು ಮಾತ್ರ ಹೇಳಲೇಬೇಕು. 11 ಮಿಲಿಮೀಟರ್ ಎತ್ತರದ್ದು ಬೇಕೆಂದು ಬರೆದಿದ್ದೆ, ಲಕೋಟೆಯ ಮೇಲೆ 11 ಎಂದೇ ಇತ್ತು, ಒಳಗಿದ್ದದ್ದು 9. ಕೇಳಿದರೆ, ‘ಎರಡೇ ಮಿಲಿಮೀಟರ್ ಅಲ್ಲವೇ’ ಎಂಬ ಸಮಾಧಾನದ ಉತ್ತರ ಬಂತು. ಆ ಎರಡು ಮಿಲಿಮೀಟರಿನಲ್ಲಿ ಚಕ್ರವು ಮುಚ್ಚಳದ ಕಿಂಡಿಯಿಂದ ತಲೆಯೆತ್ತುವುದೇ ಇಲ್ಲ ಎಂಬುದನ್ನು ಅವರಿಗೆ ಮನವರಿಕೆ ಮಾಡಿಸಿ ಸರಿಯಾದದ್ದನ್ನು ತರಿಸಿಕೊಳ್ಳುವಷ್ಟರಲ್ಲಿ ಆಟಿಯೇ ಮುಗಿಯಿತು.

ಹೊಸ ಎನ್‌ಕೋಡರ್ ಕೂಡ ಜಿಗಿಯತೊಡಗಿದಾಗ ನಿಜವಾದ ಕೆಲಸ ಆರಂಭವಾಯಿತು. ಎನ್‌ಕೋಡರಿನೊಳಗಿನ ಎ ಮತ್ತು ಬಿ ಎಂಬ ಎರಡು ಸಂಪರ್ಕಗಳಲ್ಲಿ ಯಾವುದು ಮೊದಲು ಬದಲಾಯಿತು ಎಂಬುದರಿಂದಲೇ ಚಿಪ್ ದಿಕ್ಕನ್ನು ನಿರ್ಣಯಿಸುವುದರಿಂದ, ಸಂಪರ್ಕದಲ್ಲಿ ಕ್ಷಣಕಾಲದ ಅದುರುವಿಕೆ ಇದ್ದರೂ ಲೆಕ್ಕ ತಪ್ಪುತ್ತದೆ. ಪ್ರತಿ ಸಂಪರ್ಕಕ್ಕೂ ಭೂಮಿಗೂ (ಮಂಡಲದ ಗ್ರೌಂಡ್ ತಂತಿಗೂ) ನಡುವೆ 104 ಎಂದು ಅಚ್ಚಾದ, ಅಂದರೆ 100 ನ್ಯಾನೊಫ್ಯಾರಡ್‌ನ ಕೆಪಾಸಿಟರ್ ಹಾಕುವುದು ಎಲ್ಲರೂ ಹೇಳುವ ಮದ್ದು. ಹಾಕಿದೆ. ಮೆಲ್ಲನೆ ತಿರುಗಿಸಿದರೆ ಬೆಣ್ಣೆಯಂತೆ ಸಾಗಿದ ಪುಟವು ಬೀಸಿ ತಿರುಗಿಸಿದೊಡನೆ ಮೊದಲಿಗಿಂತಲೂ ಕೆಟ್ಟದಾಗಿ ಹಿಂದಕ್ಕೋಡಿತು!

ಕಾರಣ ಸಿಕ್ಕಿದ್ದು ಮಲ್ಟಿಮೀಟರಿನಿಂದ. ಸಂಪರ್ಕ ತೆರೆದಿರುವಾಗ ಎ ಕಾಲಿನಲ್ಲಿ 3.3 ವೋಲ್ಟ್ ಇತ್ತು. ಮೀಟರನ್ನು ಮಿಲಿಆಂಪಿಯರಿಗೆ ಇಟ್ಟು ಅದನ್ನು ಭೂಮಿಗೆ ಸೇರಿಸಿದಾಗ 0.1 ಹರಿಯಿತು. ಹಾಗಾದರೆ ಸಂಪರ್ಕ ತೆರೆದಿರುವಾಗ ಕಾಲಿನ ವೋಲ್ಟೇಜನ್ನು ಮೇಲಕ್ಕೆಳೆದಿಡುವ, ಚಿಪ್‌ನ ಒಳಗಿನ ಪುಲ್‌ಅಪ್ ರೋಧ ಸುಮಾರು 33 ಕಿಲೋಓಮ್. 104ರ ಜೊತೆಗೆ ಕಾಲಸ್ಥಿರಾಂಕ, ಅಂದರೆ ಕೆಪಾಸಿಟರ್ ತುಂಬುವ ನಿಧಾನದ ಅಳತೆ, 3.3 ಮಿಲಿಸೆಕೆಂಡ್. ವೋಲ್ಟೇಜ್ ಏರುವಾಗ ಈ ದೊಡ್ಡ ರೋಧದ ಮೂಲಕ ಕೆಪಾಸಿಟರ್ ತುಂಬಬೇಕಾದ್ದರಿಂದ ಏರಿಕೆ ನಿಧಾನ. ಇಳಿಯುವಾಗಲಾದರೋ ಸಂಪರ್ಕವೇ ಅದನ್ನು ನೇರವಾಗಿ ಬರಿದುಮಾಡುವುದರಿಂದ ಇಳಿಕೆ ತತ್‌ಕ್ಷಣ. ಚಕ್ರ ವೇಗವಾಗಿ ತಿರುಗಿದಾಗ ಬಿ ಇನ್ನೂ ಏರುತ್ತಿರುವಷ್ಟರಲ್ಲಿ ಎ ಇಳಿದುಬಿಡುತ್ತದೆ. ಕ್ರಮ ತಲೆಕೆಳಗಾಗಿ ಚಿಪ್‌ಗೆ ಹಿಮ್ಮುಖ ಚಲನೆ ಕಾಣಿಸುತ್ತದೆ. ಅದುರುವಿಕೆಯನ್ನು ನುಂಗಲು ಇಟ್ಟ ಕೆಪಾಸಿಟರ್ ಚಲನೆಯನ್ನೇ ನುಂಗುತ್ತಿತ್ತು.

103 (10 ನ್ಯಾನೊಫ್ಯಾರಡ್) ಹಾಕಿದಾಗ ವೇಗದ ತಿರುಗಾಟ ಸರಿಹೋಯಿತಾದರೂ ನಿಧಾನದಲ್ಲಿ ಒಂದೊಂದು ಕಳ್ಳ ಹೆಜ್ಜೆ ಉಳಿಯಿತು. 223ರಲ್ಲಿ (22 ನ್ಯಾನೊಫ್ಯಾರಡ್), ಅಂದರೆ 0.7 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಎರಡೂ ಒಪ್ಪಂದಕ್ಕೆ ಬಂದುವು. ಕೆಪಾಸಿಟರ್ ಬರಿದಾಗುವಾಗ ಒಮ್ಮೆಗೇ ನುಗ್ಗುವ ವಿದ್ಯುತ್ತಿನಿಂದ ಸಂಪರ್ಕ ಸವೆಯದಿರಲೆಂದು ಸರಣಿಯಲ್ಲಿ ಒಂದು ಕಿಲೋಓಮ್ ಸೇರಿಸಿದ್ದೇನೆ. ಮೌಸ್ ಕಳುಹಿಸುವ ಸಂಕೇತಗಳನ್ನು ತೋರಿಸುವ ಲಿನಕ್ಸ್ ತಂತ್ರಾಂಶ ಇವ್‌ಟೆಸ್ಟ್ ತೆರೆದು ನೋಡಿದರೆ ಒಂದೇ ದಿಕ್ಕಿನ ಅಂಕಿಗಳು ಸಾಲಾಗಿ ಬರುತ್ತಿವೆ.

ಆದರೆ ಲೋಹದ ಸಂಪರ್ಕ ಇರುವಷ್ಟು ಕಾಲ ಕಿಲುಬೂ ಇರುತ್ತದೆ. ಆದ್ದರಿಂದ ಮುಂದಿನ ಯೋಜನೆ ಈಗಲೇ ಮೇಜಿನ ಮೇಲಿದೆ: ಹಳೆಯ ಚೆಂಡಿನ ಮೌಸ್‌ನೊಳಗಿನ ಸೀಳುಚಕ್ರವನ್ನೂ ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಬೆಳಕಿನ ಸಂವೇದಕದ ಜೋಡಿಯನ್ನೂ ಕಿತ್ತು, ಎಟಿಮೆಗಾ32ಯು4 ಚಿಪ್ ಇರುವ, ಕಂಪ್ಯೂಟರಿಗೆ ಮೌಸ್‌ನಂತೆ ಕಾಣಿಸಬಲ್ಲ ಪುಟ್ಟ ಪ್ರೊ ಮೈಕ್ರೊ ಬೋರ್ಡಿಗೆ ಜೋಡಿಸಿ, ಬೆಳಕಿನಿಂದಲೇ ಎಣಿಸುವ ಸ್ಕ್ರೋಲ್ ಚಕ್ರವನ್ನು ಮಾಡುವುದು. 2019ರ ಲಿನಕ್ಸ್ 5.0ರಿಂದ ಕರ್ನೆಲ್ (ಅದರ ತಿರುಳು) ಒಂದು ಹಲ್ಲನ್ನು, ಅಂದರೆ ಚಕ್ರದ ಒಂದು ‘ಟಿಕ್’ ಹೆಜ್ಜೆಯನ್ನು, 120 ಭಾಗವಾಗಿ ಎಣಿಸಬಲ್ಲದು. ವಿಂಡೋಸ್‌ನಲ್ಲಿಯೂ ಒಂದು ಹಲ್ಲಿಗೆ 120 ಎಂಬುದೇ ಲೆಕ್ಕ. ಹಾಗಾದರೆ ಸೀಳೊಂದಕ್ಕೆ 30ರಂತೆ ಕಳುಹಿಸಿ ಪುಟವನ್ನು ನುಣುಪಾಗಿ ಜಾರಿಸಬಹುದು. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆಯವರಲ್ಲಿ ಯಾರ ಅಟ್ಟದಲ್ಲಾದರೂ ಚೆಂಡಿನ ಮೌಸ್ ಬಿದ್ದಿದ್ದರೆ ದಯವಿಟ್ಟು ತಿಳಿಸಿರಿ. ಚೆಂಡು ಕಳೆದುಹೋಗಿದ್ದರೂ ಅಡ್ಡಿಯಿಲ್ಲ.