ಮದುವೆಯ ಮೈಕು, ಓದಿನ ಮೈಕು

ಚಿಕ್ಕಮಗಳೂರಿನಲ್ಲಿ ನನ್ನದು ಮೈಕ್ ಸೆಟ್ ಕೆಲಸ. ಮದುವೆ, ಜಾತ್ರೆ, ಗಣಪತಿ, ಚುನಾವಣೆ ಬಂದರೆ ಪ್ರಚಾರದ ಆಟೋ. 14 ವರ್ಷದಿಂದ ಇದರಲ್ಲೇ ಇದ್ದೇನೆ. ಇದರ ಮಧ್ಯೆ ತಿಂಗಳಿಗೊಂದು ಸಣ್ಣ ಕೆಲಸ ಇರುತ್ತದೆ. ಎರಡನೇ ಭಾನುವಾರ ಸಂಜೆ ಊರಿನ ಕೆಲವರು ಸೇರಿ ಕಥೆ, ಕವಿತೆ ಓದಿಸುತ್ತಾರೆ. ಮೂವತ್ತು ನಲವತ್ತು ಜನ ಬರುತ್ತಾರೆ. ನನ್ನ ಕೆಲಸವನ್ನು ನಾನು ಸರಿಯಾಗಿ ಕಲಿತದ್ದು ಅಲ್ಲಿ.

ಮೊದಲ ಸಲ ಹೋದಾಗ ಮದುವೆಗೆ ಇಡುವ ಸೆಟ್ಟಿಂಗನ್ನೇ ಇಟ್ಟೆ. ಬಾಸ್ ಸ್ವಲ್ಪ ಜಾಸ್ತಿ, ಮೇಲೆ ಒಂದಿಷ್ಟು ಎಕೋ. ಕೊಪ್ಪದ ಕಡೆಯ ಒಬ್ಬ ಅಮ್ಮ ಓದಲು ಬಂದಿದ್ದರು. ಅಡಿಕೆ ಸುಲಿಯುವ ರಾತ್ರಿಯ ಕಥೆ. ಅಮ್ಮ ಕುಳ್ಳಗಿದ್ದರು, ದನಿಯೂ ಸಣ್ಣದು. ಮೈಕು ಅವರ ಹಣೆಯ ಮಟ್ಟದಲ್ಲಿತ್ತು. ಮಿಕ್ಸರಿನಲ್ಲಿ ಲೈಟು ಓಡಾಡುತ್ತಿತ್ತು, ಮುಂದಿನ ಸಾಲಿನವರು ತಲೆ ಆಡಿಸುತ್ತಿದ್ದರು. ಎಲ್ಲ ಸರಿ ಇದೆ ಅಂದುಕೊಂಡೆ. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಖುಷಿಯಾಗಿ ಕೊನೇ ಬಸ್ಸಿಗೆ ಹೊರಟರು.

ಕೇಬಲ್ ಸುತ್ತುತ್ತಿದ್ದಾಗ ಮೇಷ್ಟ್ರು ಹತ್ತಿರ ಬಂದರು. ಓದುವವರನ್ನು ಹುಡುಕಿ ಕರೆತರುವವರು ಅವರೇ, ನಿವೃತ್ತ ಕನ್ನಡ ಮೇಷ್ಟ್ರು. "ಕೊನೇ ಸಾಲಲ್ಲಿ ಕೂತು ಒಂದ್ಸಲ ಕೇಳಿದ್ಯೇನಪ್ಪಾ?" ಅಂದರು. ಇಲ್ಲ ಸಾರ್ ಅಂದೆ. "ನಾನು ಕೂತಿದ್ದೆ. ಅಡಿಕೆ ಅನ್ನೋದೊಂದು ಕೇಳಿಸ್ತು. ಉಳಿದದ್ದು ಬರೀ ಗುಂಯ್." ಅವರು ಬೈಯಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ದೂರದಿಂದ ಬಂದು ಓದಿದ ಕಥೆ ಅರ್ಧ ಜನಕ್ಕೆ ತಲುಪಲೇ ಇಲ್ಲ, ಅದು ಅಮ್ಮನಿಗೆ ಗೊತ್ತೂ ಇಲ್ಲ.

ಹಾಡಿಗೆ ಎಕೋ ಚೆಂದ. ಓದಿಗೆ ಅದು ಕೇಡು. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಒತ್ತಕ್ಷರ ಜಾಸ್ತಿ ಇದ್ದರಂತೂ ಪೂರ್ತಿ ಕಲಸುಮೇಲೋಗರ. ಬಾಸ್‌ನಿಂದ ದನಿ ದಪ್ಪವಾಗುತ್ತದೆ, ಮಾತು ತಿಳಿಯಾಗುವುದಿಲ್ಲ. ಯಾವ ಪದ ಅಂತ ಕಿವಿ ಹಿಡಿಯುವುದು ಸ, ಶ, ತ, ಚ ಇಂಥ ಚೂಪು ಸದ್ದುಗಳಿಂದ. ಈಗ ಓದಿಗೆ ಎಕೋ ಪೂರ್ತಿ ತೆಗೆದು, ಬಾಸ್ ಇಳಿಸುತ್ತೇನೆ.

ಇನ್ನೊಂದು, ದೂರ. ಬಾಯಿಗೂ ಮೈಕಿಗೂ ಒಂದು ಗೇಣು ಇದ್ದದ್ದು ಎರಡು ಗೇಣಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅದನ್ನು ಗುಂಡಿ ತಿರುಗಿಸಿ ಸರಿಮಾಡಲು ಹೋದರೆ ಸ್ಪೀಕರಿನ ಸದ್ದೇ ಮೈಕಿಗೆ ವಾಪಸ್ ಬಂದು ಕುಯ್ಯ್ ಅನ್ನುತ್ತದೆ. ಆಗ ಗುಂಡಿ ಬಿಟ್ಟು ಎದ್ದು ಹೋಗಿ ಸ್ಟ್ಯಾಂಡ್ ಇಳಿಸಬೇಕು, ಹತ್ತಿರ ತರಬೇಕು. ತೀರಾ ನೇರ ಇಟ್ಟರೆ ಪ, ಫ, ಭ ಬಂದಾಗಲೆಲ್ಲ ಉಸಿರು ಢಬ್ ಅಂತ ಬಡಿಯುತ್ತದೆ. ಸ್ವಲ್ಪ ಓರೆ ಇಟ್ಟರೆ ಸಾಕು.

ಇಷ್ಟು ಮಾಡಿದರೂ ಅರ್ಧ ಕೆಲಸ ನನ್ನದಲ್ಲ. ಕುರ್ಚಿ ಹಾಕುವ ಕಾಲೇಜು ಹುಡುಗ ನೇರ ಸಾಲು ಬಿಟ್ಟು ಅರ್ಧಚಂದ್ರಾಕಾರದಲ್ಲಿ ಹಾಕತೊಡಗಿದ. ಕೊನೇ ಸಾಲು ಅಷ್ಟು ಹತ್ತಿರ ಬಂತು, ಒಂದು ಸ್ಪೀಕರ್ ಬಾಕ್ಸ್ ಉಳಿಯಿತು. ಟೀ ತರುವ ಅಣ್ಣ ಸ್ಟೀಲ್ ಲೋಟ ಬಿಟ್ಟು ಪೇಪರ್ ಕಪ್ ತಂದರು, ಲೋಟದ ಸದ್ದು ಮೈಕಿಗೆ ಬೀಳುತ್ತದೆ ಅಂತ. ಯಾರೂ ಹೇಳಿರಲಿಲ್ಲ, ಅವರಿಗೇ ಹೊಳೆದದ್ದು. ಲೆಕ್ಕ ಬರೆಯುವ ಬ್ಯಾಂಕಿನ ಅಕ್ಕ ಈಗ ಬೇಕೆಂದೇ ಹಿಂದೆ ಕೂರುತ್ತಾರೆ. ಕೇಳದಿದ್ದರೆ ಹಾಜರಿ ನೋಟ್‌ಬುಕ್ ಎತ್ತಿ ತೋರಿಸುತ್ತಾರೆ. ನನಗೆ ಯಾವ ಮೀಟರಿಗಿಂತ ಆ ನೋಟ್‌ಬುಕ್ ಮೇಲೆ ನಂಬಿಕೆ ಜಾಸ್ತಿ.

ಒಮ್ಮೆ ಗಮಕ ಇತ್ತು, ಅಂದರೆ ಹಳೇ ಕಾವ್ಯವನ್ನು ರಾಗವಾಗಿ ಓದುವುದು. ನಮ್ಮ ಜಿಲ್ಲೆಯ ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತ. ಷಟ್ಪದಿ ಅಂದರೆ ಆರು ಸಾಲು ಅಂತಷ್ಟೇ ಗೊತ್ತಿತ್ತು. ಶುರುವಿಗೆ ಮುಂಚೆ ಮೇಷ್ಟ್ರು ಕೂರಿಸಿಕೊಂಡು, ಆ ಕಾವ್ಯ ಇರುವ ವಾರ್ಧಕ ಷಟ್ಪದಿಯ ಲೆಕ್ಕ ಹೇಳಿದರು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 20 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ). ಮೂರು ಮತ್ತು ಆರನೇ ಸಾಲಿಗೆ 30, ಅದರ ಮೇಲೆ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಅಂದರೆ ಉದ್ದದ ಸಾಲಿನ ತುದಿಗೆ ಉಸಿರು ಮುಗಿಯುತ್ತಾ ಬಂದಿರುತ್ತದೆ, ದನಿ ಇಳಿಯುತ್ತದೆ. ಆದರೆ ಸಾಲು ನಿಲ್ಲುವುದು ಆ ಕೊನೇ ಅಕ್ಷರದ ಮೇಲೇ. ಆವತ್ತು ಮೂರನೇ ಸಾಲು, ಆರನೇ ಸಾಲು ಅಂತ ಬೆರಳಲ್ಲಿ ಎಣಿಸುತ್ತಾ ಕೂತೆ. ತುದಿಗೆ ಬಂದಾಗ ಮೆಲ್ಲಗೆ ಒಂದು ಕೂದಲೆಳೆ ಏರಿಸುವುದು, ಆಮೇಲೆ ಇಳಿಸುವುದು. ಗಮಕಿಗಳು ಹೋಗುವಾಗ ನನ್ನ ಬೆನ್ನು ತಟ್ಟಿ ಹೋದರು.

ಮಳೆಗಾಲದ್ದು ಬೇರೆ ಕಥೆ. ನಮ್ಮ ಹಾಲಿಗೆ ಶೀಟಿನ ಮಾಡು. ಮಳೆ ಹೊಡೆದರೆ ದನಿ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ, ಆ ಚೂಪು ಸದ್ದುಗಳನ್ನೇ ಮಳೆ ಮೊದಲು ಮುಚ್ಚುವುದು. ಮೇಷ್ಟ್ರು ಓದು ನಿಲ್ಲಿಸಿಬಿಡುತ್ತಾರೆ. "ಕೂಗಿ ಓದೋದು ಬೇಡ, ಕಥೆ ಎಲ್ಲೂ ಓಡಿಹೋಗಲ್ಲ" ಅನ್ನುತ್ತಾರೆ. ಎಲ್ಲರೂ ಸುಮ್ನೆ ಕೂತು ಮಳೆ ನೋಡುತ್ತೇವೆ. ಯಾರೂ ಎದ್ದು ಹೋದದ್ದು ನಾನು ನೋಡಿಲ್ಲ.

ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತಲ್ವಾ? ಅದರ ಮುಂದಿನ ಓದಿಗೆ ನಾಲ್ಕೈದು ಹೆಣ್ಣುಮಕ್ಕಳು ತಾವು ಬರೆದದ್ದನ್ನು ಹಿಡಿದು ಬಂದರು. ಯಾರೂ ಹಿಂದೆ ಮೈಕಿನ ಮುಂದೆ ನಿಂತವರಲ್ಲ. ಕೈ ನಡುಗುತ್ತದೆ, ಹಾಳೆ ಮೈಕಿಗೆ ತಗಲುತ್ತದೆ, ದನಿ ಗಂಟಲಲ್ಲೇ ಇರುತ್ತದೆ. ಈಗ ಹೊಸಬರನ್ನು ಅರ್ಧ ಗಂಟೆ ಮುಂಚೆ ಕರೆಸುತ್ತೇವೆ. ಖಾಲಿ ಹಾಲಿನಲ್ಲಿ ನಾಲ್ಕು ಸಾಲು ಓದಿಸಿ, ಅವರವರ ಎತ್ತರಕ್ಕೆ ಸ್ಟ್ಯಾಂಡಿಗೆ ಟೇಪ್ ಸುತ್ತಿ ಗುರುತು ಮಾಡುತ್ತೇನೆ.

ಹೋದ ತಿಂಗಳು ಕೊಪ್ಪದ ಅಮ್ಮ ಮತ್ತೆ ಬಂದರು. ಮೇಷ್ಟ್ರೇ ಫೋನ್ ಮಾಡಿ, ಅದೇ ಕಥೆ ಓದಿ ಅಂದಿದ್ದರಂತೆ. ಈ ಸಲ ಕುರ್ಚಿ ಕೊಟ್ಟೆವು. ಮೈಕು ಒಂದು ಗೇಣು, ಸ್ವಲ್ಪ ಓರೆ. ಮೊದಲ ಪುಟದಲ್ಲಿ ಅಕ್ಕನ ನೋಟ್‌ಬುಕ್ ಒಂದು ಸಲ ಮೇಲೆದ್ದಿತು. ಒಂದು ಗೆರೆ ಏರಿಸಿದೆ. ಕೆಳಗಿಳಿಯಿತು. ಮೆಟ್ಟುಗತ್ತಿಯ ಮೇಲೆ ಅಡಿಕೆ ಸೀಳುವ ಕರಕ್ ಸದ್ದನ್ನು ಅಮ್ಮ ಬಾಯಲ್ಲೇ ಮಾಡಿದರು, ಅದು ಹಿಂದಿನ ಗೋಡೆಯವರೆಗೂ ಹೋಯಿತು. ಆಮೇಲೆ ನೋಟ್‌ಬುಕ್ ಏಳಲೇ ಇಲ್ಲ. ಓದು ಮುಗಿದ ಮೇಲೆ ನೋಡಿದರೆ ಅಕ್ಕ ಆವತ್ತಿನ ಹಾಜರಿಯನ್ನೇ ಬರೆದಿರಲಿಲ್ಲ.